ಕಂಬಕ್ಕೆ ಅಂಟಿಸಿದ ಹೆಸರು

ಗ್ಯಾಲರಿಯ ಗೋಡೆಗೆ ಹಾಕಲೆಂದು ಅಚ್ಚಾಗಿ ಬಂದಿದ್ದ ಫಲಕವನ್ನು ಬಾರ್ಧಾ ಮೂರು ಸಲ ಓದಿದಳು. ‘ನೆರೆಹೊರೆಯ ಮುಖಗಳು. ಛಾಯಾಗ್ರಹಣ: ಫೋತಿನಿ, ಕಜಾನಿಸ್ ಸ್ಟುಡಿಯೋ.’ ಅದರ ಕೆಳಗೆ ನಲವತ್ತು ಚಿತ್ರಗಳ ಪಟ್ಟಿ. ಯಾನಿಸ್, ಗಾರೆ ಕೆಲಸ. ಎಲೆನಿ, ಮನೆಗೆಲಸ. ಸ್ಪೀರೋಸ್, ಬಣ್ಣ ಬಳಿಯುವವನು. ನಲವತ್ತು ಸುಳ್ಳುಗಳು ಒಂದರ ಕೆಳಗೊಂದು ಶಿಸ್ತಾಗಿ ನಿಂತಿದ್ದವು. ನಲವತ್ತೊಂದನೆಯದು ಅವಳದೇ ಹೆಸರು.

“ಇದ್ರಲ್ಲಿ ಒಂದೂ ಹೆಸರು ಸರಿಯಿಲ್ಲ,” ಎಂದಳು.

ಗ್ಯಾಲರಿ ನಡೆಸುವ ದನಾಯಿ ಮೇಡಂ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿದರು. “ನೀನು ಕೊಟ್ಟ ಪಟ್ಟಿ ನೋಡ್ದೆ ಕಣಮ್ಮ. ಆ ಹೆಸರೆಲ್ಲ ಯಾರ ನಾಲಿಗೆಗೆ ಹೊರಳ್ತವೆ ಹೇಳು? ನಿಂದೇ ನಂಗೆ ಬರಲ್ಲ. ಫಾತ್... ಫಾತ್‌ಬಾ... ಬಿಡು ಅತ್ಲಾಗೆ. ಬಂದೋರು ಚಿತ್ರ ನೋಡ್ತಾರೆ. ಆ ಬಾಯಿಗಳು! ಎಲ್ರೂ ಏನೋ ಹೇಳಕ್ಕೆ ಹೊರಟು ಅರ್ಧಕ್ಕೆ ನಿಂತಂಗಿದ್ದಾರಲ್ಲ, ಅದೇ ಚಂದ. ಏನು ಗುಟ್ಟೋ ಏನೋ!”

“ಗುಟ್ಟೂ ಇಲ್ಲ, ಮಣ್ಣೂ ಇಲ್ಲ ಮೇಡಂ. ಅವರವರ ಹೆಸರು ಹೇಳ್ತಿದ್ದಾರೆ, ಅಷ್ಟೇ. ನೀವು ಅಳಿಸಿರೋದು ಅದನ್ನೇ.”

ಪಕ್ಕದಲ್ಲಿ ನಿಂತಿದ್ದ ಸ್ಟುಡಿಯೋ ಮಾಲೀಕ ಕೀರ್ ಅರ್ಗಿರಿಸ್, ಅಂದರೆ ಅರ್ಗಿರಿಸ್ ಸಾಹೇಬ, ಗಂಟಲು ಸರಿಮಾಡಿಕೊಂಡ. ಗ್ರೀಸಿನ ಥೆಸಲೊನೀಕಿಯ ಪಶ್ಚಿಮದ ಬಡಾವಣೆಗಳಲ್ಲಿ ಮದುವೆ, ನಾಮಕರಣ ಎಂದರೆ ಅವನ ಕ್ಯಾಮೆರಾವೇ ಬರಬೇಕು. ಬಾರ್ಧಾ ಹದಿನೇಳನೆಯ ವಯಸ್ಸಿನಲ್ಲಿ ಅವನ ಅಂಗಡಿಯ ನೆಲ ಗುಡಿಸಲು ಬಂದವಳು. ಇಪ್ಪತ್ತಕ್ಕೆಲ್ಲ ಮದುವೆಮನೆಗಳಲ್ಲಿ ಅವನು ಊಟದ ಮೇಜಿಗೆ ಕೂತರೆ ಫೋಟೋ ತೆಗೆಯುವವಳು ಇವಳೇ. ಚಿತ್ರದ ಬೆನ್ನಿಗೆ ಬೀಳುವ ಮೊಹರು ಮಾತ್ರ ಅವನದು.

“ಫೋತಿನಿ, ಮೊಂಡಾಟ ಬೇಡ ಕಣೇ,” ಎಂದ. “ಮೂವತ್ತು ವರ್ಷ ಆಯ್ತು ನಾನು ಈ ಕಸುಬಿಗೆ ಬಿದ್ದು. ಒಬ್ಬ ಗ್ಯಾಲರಿಯವನೂ ನನ್ನ ಅಂಗಡಿ ಬಾಗಿಲು ತುಳಿದಿರಲಿಲ್ಲ. ಈಗ ಬಂದಿದ್ದಾರೆ. ಡಾರ್ಕ್‌ರೂಮ್ ನಂದು, ಕೆಮಿಕಲ್ ನಂದು. ಅಂಗಡಿ ಹೆಸರು ಇರ್ಲಿ, ನಿನ್ನ ಹೆಸರೂ ಇದೆಯಲ್ಲ.”

“ಅದು ನನ್ನ ಹೆಸರಲ್ಲ, ಕೀರ್ ಅರ್ಗಿರಿಸ್. ನೀವು ಇಟ್ಟಿದ್ದು.”

“ಇಟ್ಟಾಗ ಸುಮ್ನೆ ಇಟ್ಕೊಂಡೆ. ಒಂಬತ್ತು ವರ್ಷ ಇಟ್ಕೊಂಡೆ. ಇವತ್ತು ಚುಚ್ತಾ?” ಅವನು ದನಿ ತಗ್ಗಿಸಿದ. “ಬರೋ ತಿಂಗಳು ನಿನ್ನ ಪರ್ಮಿಟ್ ಮುಗಿಯುತ್ತೆ. ವಿಮೆ ಪುಸ್ತಕಕ್ಕೆ ಸ್ಟ್ಯಾಂಪ್ ಹಚ್ಚೋನು ನಾನು. ಅದನ್ನ ಮರೀಬೇಡ.”

ಮರೆಯುವುದೆಲ್ಲಿ ಬಂತು. ಮಾಲೀಕ ಸ್ಟ್ಯಾಂಪ್ ಹಚ್ಚದೆ ಇದ್ದರೆ ಆ ವರ್ಷ ಕೆಲಸ ಮಾಡಿದ ಲೆಕ್ಕವಿಲ್ಲ. ಕೆಲಸವಿಲ್ಲವೆಂದರೆ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲವೆಂದರೆ ಪೊಲೀಸರ ನೀಲಿ ಬಸ್ಸು ಹತ್ತಿ ಗಡಿಯಾಚೆಗೆ. ಈ ಊರಿನ ಅಲ್ಬೇನಿಯನ್ನರಲ್ಲಿ ಮಗುವಿಗೂ ಗೊತ್ತಿದ್ದ ಪಾಠ ಇದು. ಆದರೂ ಬಾರ್ಧಾಳ ಕಣ್ಣು ಫಲಕದ ಮೇಲಿನ ‘ಯಾನಿಸ್, ಗಾರೆ ಕೆಲಸ’ ಎಂಬುದನ್ನು ಬಿಟ್ಟು ಕದಲಲಿಲ್ಲ.

“ಚಿತ್ರಗಳನ್ನ ಇಳಿಸಿ ಕೊಡಿ, ಮೇಡಂ,” ಎಂದಳು. “ಗೋಡೆ ನೀವೇ ಇಟ್ಕೊಳ್ಳಿ.”

ಈ ಹಟ ಒಂದು ದಿನದ್ದಲ್ಲ. ಅದರ ಬೇರು ಆರು ವರ್ಷ ಹಿಂದಕ್ಕೆ, ಅಪ್ಪ ಸತ್ತ ಚಳಿಗಾಲಕ್ಕೆ ಹೋಗುತ್ತದೆ.

ತೊಂಬತ್ತೊಂದರಲ್ಲಿ ಅಲ್ಬೇನಿಯಾದ ಸ್ಕ್ರಾಪಾರಿನ ಬೆಟ್ಟದ ಹಳ್ಳಿಯಿಂದ ಐದು ರಾತ್ರಿ ನಡೆದು ಗಡಿ ದಾಟಿದಾಗ ಅವಳ ಅಪ್ಪನ ಹೆಸರು ರುಸ್ತೆಮ್ ಕೊದ್ರಾ. ಅಮ್ಮನ ಹೆಸರು ಹಾಯ್ರಿಯೆ. ಅವಳು ಫಾತ್‌ಬಾರ್ಧಾ, ಮನೆಮಂದಿಗೆ ಬಾರ್ಧಾ. ಒಂದು ತಿಂಗಳೊಳಗೆ ಅಪ್ಪ ಅಮ್ಮ ಬದಲಾಗಿದ್ದರು. ಕಟ್ಟಡದ ಮೇಸ್ತ್ರಿ ಅಪ್ಪನನ್ನು ಕೋಸ್ತಾಸ್ ಮಾಡಿದ. ಅಮ್ಮ ಮೆಟ್ಟಿಲು ಒರೆಸುತ್ತಿದ್ದ ಮನೆಯವರು ಅವಳನ್ನು ಮರಿಯಾ ಮಾಡಿದರು. ಬಾರ್ಧಾ ಫೋತಿನಿಯಾದದ್ದು ನಾಲ್ಕು ವರ್ಷದ ಮೇಲೆ, ಕೀರ್ ಅರ್ಗಿರಿಸ್‌ನ ಅಂಗಡಿಯಲ್ಲಿ. ಯಾರೂ ಕತ್ತು ಹಿಡಿದು ಮಾಡಿಸಲಿಲ್ಲ. ರುಸ್ತೆಮ್ ಅಂದರೆ ಕೆಲಸ ನಾಳೆ, ಕೋಸ್ತಾಸ್ ಅಂದರೆ ಕೆಲಸ ಇವತ್ತೇ. ಹಸಿದವರು ಏನು ಆರಿಸಿಕೊಳ್ಳುತ್ತಾರೆ? ಎಲ್ಲ ಅಲ್ಬೇನಿಯನ್ನರೂ ಅದನ್ನೇ ಆರಿಸಿಕೊಂಡರು. ಬೀದಿಯಲ್ಲಿ ಯಾನಿಸ್, ಮನೆಯಲ್ಲಿ ಜೆವಾತ್. ಬಸ್ಸಿನಲ್ಲಿ ಎಲೆನಿ, ಅಡುಗೆಮನೆಯಲ್ಲಿ ಲಿರಿಯೆ.

ಸಾರವೆ ಮುರಿದು ಅಪ್ಪ ಬಿದ್ದದ್ದು ತೊಂಬತ್ತೆಂಟರ ಡಿಸೆಂಬರಿನಲ್ಲಿ. ದೇಹವನ್ನು ಚಿಕ್ಕಪ್ಪ ಬಂದು ವ್ಯಾನಿನಲ್ಲಿ ಊರಿಗೆ ಒಯ್ದ. ತಾಯಿ ಮಗಳು ಹೋಗುವಂತಿರಲಿಲ್ಲ. ಪರ್ಮಿಟ್ಟಿಗೆ ಅರ್ಜಿ ಹಾಕಿದ್ದರು, ಕಾಗದ ಕೈಗೆ ಬರುವ ಮೊದಲು ಗಡಿ ದಾಟಿದರೆ ಹಿಂದಿರುಗುವ ದಾರಿ ಮುಚ್ಚಿದಂತೆ. ಮಣ್ಣಿಗಂತೂ ಇಲ್ಲ, ಬಂದವರಿಗೆ ಕೊಡುವ ಸಂತಾಪದ ಕಾಫಿಯಾದರೂ ಇಲ್ಲಿ ನಡೆಯಲಿ ಎಂದು ಅಮ್ಮ ಹೇಳಿದಳು. ಈ ಊರಿನಲ್ಲಿ ಸತ್ತವರ ಸುದ್ದಿಯನ್ನು ಕಪ್ಪು ಅಂಚಿನ ಕಾಗದದಲ್ಲಿ ಅಚ್ಚು ಹಾಕಿಸಿ ವಿದ್ಯುತ್ ಕಂಬಗಳಿಗೆ ಅಂಟಿಸುತ್ತಾರೆ. ಅಲ್ಬೇನಿಯನ್ನರೂ ಹಾಗೇ ಮಾಡುತ್ತಾರೆ, ಅಲ್ಲಿಯೂ ಇಲ್ಲಿಯೂ.

ಕಾಗದ ಮಾಡಿಸಲು ಹೋದದ್ದು ಬಾರ್ಧಾ. ಅಂಗಡಿಯವನು, “ಮೃತರ ಹೆಸರು?” ಎಂದು ಕೇಳಿದ.

“ಕೋಸ್ತಾಸ್ ಕೊದ್ರಾಸ್,” ಎಂದಳು.

ಅಪ್ಪನ ಪಾಸ್‌ಪೋರ್ಟ್ ಅವಳ ಕೈಚೀಲದಲ್ಲೇ ಇತ್ತು. ಅದರಲ್ಲಿ ರುಸ್ತೆಮ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಗ್ರೀಕನೊಬ್ಬ ಹೆಸರು ಕೇಳಿದರೆ ಗ್ರೀಕ್ ಹೆಸರು ಹೇಳಬೇಕು. ಏಳು ವರ್ಷದಿಂದ ನಾಲಿಗೆಗೆ ಅದೇ ರೂಢಿ. ಅಂಗಡಿಯವನು ಬರೆದುಕೊಂಡ, ಅಚ್ಚು ಹಾಕಿದ. ಅವಳೇ ನಲವತ್ತು ಕಂಬಗಳಿಗೆ ಅಂಟಿಸಿ ಬಂದಳು.

ಅಮ್ಮ ಆ ನೆಲಮಾಳಿಗೆಯ ಕೋಣೆಯಲ್ಲಿ ಗೋಡೆಗುಂಟ ಕುರ್ಚಿ ಹಾಕಿಸಿದಳು. ನೆರೆಯವರ ಮನೆಗಳಿಂದ ಮೂವತ್ತು ಕಾಫಿ ಕಪ್ ಕಡ ತಂದಳು. ತಟ್ಟೆಯಲ್ಲಿ ಸಿಗರೇಟು ಜೋಡಿಸಿದಳು. ಮೂರು ದಿನ ಬಾಗಿಲು ತೆರೆದೇ ಇತ್ತು. ಬಂದವರು ಆರು ಜನ: ಮನೆಯೊಡತಿ, ಇಬ್ಬರು ಅಕ್ಕಪಕ್ಕದವರು, ಮೇಸ್ತ್ರಿ, ಕೀರ್ ಅರ್ಗಿರಿಸ್, ಮತ್ತು ದಾರಿ ತಪ್ಪಿ ಬಂದ ಒಬ್ಬ ಮುದುಕ. ಸ್ಕ್ರಾಪಾರಿನವರು ಆ ಊರಿನಲ್ಲಿ ನೂರಾರು ಮಂದಿ ಇದ್ದರು, ಒಬ್ಬರೂ ಬರಲಿಲ್ಲ. ಮೂರನೆಯ ದಿನ ಸಂಜೆ ಅಮ್ಮ ಬಳಸದೇ ಇದ್ದ ಕಪ್‌ಗಳನ್ನೂ ಒಂದೊಂದಾಗಿ ತೊಳೆದು, ಒರೆಸಿ, ಅವರವರ ಮನೆಗೆ ಹಿಂದಿರುಗಿಸಿದಳು. ಗಂಡ ಇಷ್ಟು ಬೇಡವಾದವನೇ ಎಂಬ ಪ್ರಶ್ನೆ ಅವಳ ಮುಖದಲ್ಲಿ ಕುಳಿತಿತ್ತು. ಬಾರ್ಧಾಳಿಗೂ ಅರ್ಥವಾಗಿರಲಿಲ್ಲ.

ಎರಡು ತಿಂಗಳ ನಂತರ ಅಪ್ಪನ ಬಾಲ್ಯದ ಗೆಳೆಯ ಜೆವಾತ್ ಪರ್ಮಿಟ್ಟಿನ ಫೋಟೋ ತೆಗೆಸಲು ಸ್ಟುಡಿಯೋಗೆ ಬಂದ. ಸ್ಟೂಲಿನ ಮೇಲೆ ಕೂತು ಮೀಸೆ ತೀಡಿಕೊಳ್ಳುತ್ತಾ, “ನಿಮ್ಮಪ್ಪ ಎಲ್ಲವ್ನಮ್ಮ, ಆ ಕಳ್ಳ? ನನ್ನ ಕಂಡ್ರೆ ಮುಖ ಮರೆಸ್ಕೊಂಡು ಓಡಾಡ್ತಾವ್ನಾ?” ಎಂದು ನಕ್ಕ.

ಬಾರ್ಧಾ ಹೇಳಿದಳು. ಅವನ ಕೈ ಮೀಸೆಯ ಮೇಲೇ ನಿಂತುಬಿಟ್ಟಿತು.

“ಕಂಬದ ಮೇಲೆ ನೋಡಿದ್ನಲ್ಲಮ್ಮ ನಾನು ಆ ಕಾಗ್ದಾನ,” ಎಂದ. “ಬಸ್ ಸ್ಟಾಪಿನ ಕಂಬ. ಕೋಸ್ತಾಸ್ ಅಂತಿತ್ತು. ಯಾವನೋ ಗ್ರೀಕ್ ಮುದುಕ ಪಾಪ ಅಂದ್ಕೊಂಡು ಸಿಗರೇಟ್ ಹಚ್ಚಿ ಬಸ್ ಹತ್ತಿದೆ. ರುಸ್ತೆಮ್ಮಾ? ನಮ್ಮ ರುಸ್ತೆಮ್ಮಾ?”

ಆ ಕ್ಷಣ ಬಾರ್ಧಾಳಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು. ಅಪ್ಪ ಸತ್ತ ಸುದ್ದಿಯನ್ನು ನಲವತ್ತು ಕಂಬಗಳ ಮೇಲೆ ಅವಳೇ ಕೈಯಾರೆ ಮುಚ್ಚಿಟ್ಟಿದ್ದಳು. ನಾಚಿಕೆಯಿಂದ ಅವಳ ಮೈ ಬಿಸಿಯಾಯಿತು. ಏನು ಮಾಡಬೇಕೆಂದು ತಿಳಿಯದೆ ಕ್ಯಾಮೆರಾ ಎತ್ತಿ, “ಚಾಚಾ, ನಿನ್ನ ಹೆಸರು ಹೇಳು. ಪೂರ್ತಿ ಹೇಳು. ಊರೂ ಹೇಳು,” ಎಂದಳು.

“ಜೆವಾತ್ ಮುಚೋ. ವೆಂದ್ರೇಷೆಯವನು,” ಎಂದ ಮುದುಕ, ಕಣ್ಣೀರು ಸುರಿಯುತ್ತಿತ್ತು. ಆ ಹೆಸರು ಬಾಯಲ್ಲಿದ್ದಾಗಲೇ ಅವಳು ಗುಂಡಿ ಒತ್ತಿದಳು.

ಅದು ಮೊದಲನೆಯದು. ಆಮೇಲೆ ಅದೇ ಅವಳ ಪದ್ಧತಿಯಾಯಿತು. ನಗಿ ಎನ್ನುತ್ತಿರಲಿಲ್ಲ, ಗದ್ದ ಎತ್ತಿ ಎನ್ನುತ್ತಿರಲಿಲ್ಲ. “ಮನೇಲಿ ಏನಂತ ಕರೀತಾರೆ? ಗಟ್ಟಿಯಾಗಿ ಹೇಳಿ” ಎನ್ನುತ್ತಿದ್ದಳು. ಭಾನುವಾರಗಳಲ್ಲಿ ಅಪ್ಪ ಸಂತೆಯಲ್ಲಿ ಕೊಡಿಸಿದ್ದ ಹಳೆಯ ರಷ್ಯನ್ ಕ್ಯಾಮೆರಾ ಹಿಡಿದು ಕಟ್ಟಡಗಳಿಗೆ, ಕಿತ್ತಳೆ ಗೋದಾಮುಗಳಿಗೆ, ಪರ್ಮಿಟ್ ಕಚೇರಿಯ ಸರತಿ ಸಾಲಿಗೆ ಹೋಗುತ್ತಿದ್ದಳು. ಎಷ್ಟೋ ವರ್ಷ ಗಟ್ಟಿಯಾಗಿ ಹೇಳದ ಹೆಸರನ್ನು ಹೇಳುವಾಗ ಮುಖಕ್ಕೆ ಏನೋ ಆಗುತ್ತದೆ. ಕೆಲವರದು ಬಿಗಿಯುತ್ತದೆ, ಕೆಲವರದು ಮಕ್ಕಳ ಮುಖವಾಗುತ್ತದೆ. ಆರು ವರ್ಷದಲ್ಲಿ ನಲವತ್ತು ಜನ. ಒಬ್ಬಳೇ ಒಬ್ಬಳು ಒಪ್ಪಿರಲಿಲ್ಲ: ಅಮ್ಮ.

“ನನ್ನ ಹೆಸರು ಯಾರಿಗೆ ಬೇಕು?” ಎನ್ನುತ್ತಿದ್ದಳು. “ನಿಮ್ಮಪ್ಪನ ಹೆಸರು ಹಿಡಿದು ಈ ಬಾಗ್ಲಿಗೆ ಒಬ್ಬ ಬರ್ಲಿ, ಆಮೇಲೆ ನೋಡೋಣ.” ಜೆವಾತನಿಂದ ಸುದ್ದಿ ತಿಳಿದವರು ಕೆಲವರಿದ್ದರು. ಆದರೆ ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗುವುದು ಎಂದು ಅವರು ಆ ಬೀದಿಯನ್ನೇ ತಪ್ಪಿಸಿ ಹೋಗುತ್ತಿದ್ದರು.

ಗ್ಯಾಲರಿಯಿಂದ ಹೊರಬಂದ ದಿನ ಬಾರ್ಧಾ ಅಳಲಿಲ್ಲ. ನಲವತ್ತು ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರಿನ ರಸ್ತೆಯಲ್ಲಿ ದಾಪುಗಾಲು ಹಾಕಿದಳು. ಕೀರ್ ಅರ್ಗಿರಿಸ್ ಏದುಸಿರು ಬಿಡುತ್ತಾ ಹಿಂದೆ ಬಂದ.

“ಹುಚ್ಚು ಹಿಡಿದಿದ್ಯಾ ನಿಂಗೆ? ಒಂದು ಹೆಸರಿಗೋಸ್ಕರ ಬದುಕು ಹಾಳು ಮಾಡ್ಕೊಳ್ತಾರಾ?”

ಅವಳು ನಿಂತಳು. “ನಿಮ್ಮ ತಾತ ಟರ್ಕಿಯ ಸ್ಮಿರ್ನಾದಿಂದ ಹಡಗಲ್ಲಿ ಬಂದಾಗ ಅವರ ಮನೆತನದ ಹೆಸರು ಏನಿತ್ತು, ಕೀರ್ ಅರ್ಗಿರಿಸ್?”

ಅವನು ಸುತ್ತ ನೋಡಿದ. “ಕಜಂಜೋಗ್ಲು.”

“ಮತ್ತೆ ಬೋರ್ಡಲ್ಲಿ ಕಜಾನಿಸ್ ಅಂತಿದೆ?”

“ಟರ್ಕಿಯ ಬೀಜ ಅಂತ ಉಗೀತಿದ್ರು ಕಣೇ! ಹೆಸರಿನ ‘ಓಗ್ಲು’ ಬಾಲ ಕತ್ತರಿಸ್ಲೇಬೇಕಾಯ್ತು. ಕತ್ತರಿಸಿದ್ಮೇಲೆ ಬದುಕಿದ್ವಿ, ನೋಡು, ಚೆನ್ನಾಗೇ ಬದುಕಿದ್ವಿ.”

“ನಿಮ್ಮ ತಾತನ್ನ ಕೇಳಿದೀರಾ, ಚೆನ್ನಾಗಿತ್ತಾ ಅಂತ?”

ಅವನ ಮುಖ ಕೆಂಪಾಯಿತು. “ಸೋಮವಾರದಿಂದ ಬರಬೇಡ,” ಎಂದ. “ಸ್ಟ್ಯಾಂಪ್‌ಗೂ ಬರಬೇಡ.”

“ಬರಲ್ಲ,” ಎಂದಳು ಬಾರ್ಧಾ. ಚಿತ್ರಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ ತಿರುಗಿ ನಡೆದಳು.

ಗೋಡೆ ಇಲ್ಲದಿದ್ದರೆ ಏನಂತೆ, ಕಂಬಗಳು ಇದ್ದವಲ್ಲ. ಅವಳು ಮಾಡಿದ ತಪ್ಪು ಯಾವ ಕಂಬಗಳ ಮೇಲಿತ್ತೋ ಅದೇ ಕಂಬಗಳು.

ಆ ವಾರ ಪೂರ್ತಿ ಮನೆಮನೆ ಅಲೆದಳು. ಮರಣದ ಕಾಗದದ ಅಳತೆಯಲ್ಲೇ ಒಬ್ಬೊಬ್ಬರ ಚಿತ್ರ ಅಚ್ಚು ಹಾಕಿಸುವುದು, ಕೆಳಗೆ ನಿಜವಾದ ಹೆಸರು, ಊರು. ಕಪ್ಪು ಅಂಚಿನ ಜಾಗದಲ್ಲಿ ಬರೀ ಬಿಳಿ. ಒಪ್ಪಿದವರದು ಮಾತ್ರ. ಎಲ್ಲರೂ ಒಪ್ಪಲಿಲ್ಲ. “ನನ್ನ ಧಣಿಗೆ ನಾನು ಕ್ರಿಸ್ತೋಸ್ ಕಣಕ್ಕ, ನಾಳೆ ಕೇಳಿದ್ರೆ ಏನಂತ ಹೇಳ್ಲಿ?” ಎಂದು ಒಬ್ಬ ಕೈಮುಗಿದ. ಲಿರಿಯೆ ಬಾಗಿಲನ್ನೇ ತೆರೆಯಲಿಲ್ಲ. ಬಾರ್ಧಾ ಅವರನ್ನು ಬೈಯಲಿಲ್ಲ. ಆ ಭಯವನ್ನು ಅವಳೂ ಒಂಬತ್ತು ವರ್ಷ ಉಂಡವಳೇ. ಕೊನೆಗೆ ಇಪ್ಪತ್ತೇಳು ಜನ ಹೂಂ ಎಂದರು. ಮೊದಲು ಹೂಂ ಎಂದವನು ಜೆವಾತ್.

“ನಂದು ದೊಡ್ಡದಾಗಿ ಹಾಕು,” ಎಂದ. “ಆ ಬಸ್ ಸ್ಟಾಪಿನ ಕಂಬಕ್ಕೇ ಹಾಕು. ಹಾಳಾದ ಕಂಬ.”

ಇಪ್ಪತ್ತೆಂಟನೆಯದಕ್ಕೆ ಮಾತ್ರ ಕಪ್ಪು ಅಂಚು. ಅಪ್ಪ ಹೆಸರು ಹೇಳುತ್ತಿರುವ ಚಿತ್ರ ಅವಳ ಬಳಿ ಇರಲಿಲ್ಲ. ಇದ್ದದ್ದು ಪರ್ಮಿಟ್ ಅರ್ಜಿಗೆಂದು ತೆಗೆದ ನಾಲ್ಕು ಫೋಟೋಗಳಲ್ಲಿ ಕಚೇರಿಗೆ ಮೂರು ಕೊಟ್ಟು ಉಳಿದ ಒಂದು. ತುಟಿ ಬಿಗಿದುಕೊಂಡು, ಬೆಂಚಿನ ಮೇಲೆ ನಿಲ್ಲಿಸಿದ ಶಾಲೆ ಹುಡುಗನ ಹಾಗೆ ನೋಡುತ್ತಿದ್ದಾನೆ. ಅದನ್ನೇ ಹಾಕಿದಳು. ‘ರುಸ್ತೆಮ್ ಕೊದ್ರಾ, ಸ್ಕ್ರಾಪಾರಿನವನು. ಆರು ವರ್ಷದ ಹಿಂದೆ ತೀರಿಕೊಂಡ. ಅವನ ಹೆಸರು ಕೋಸ್ತಾಸ್ ಅಲ್ಲ. ಭಾನುವಾರ ಮನೆಯಲ್ಲಿ ಕಾಫಿ.’ ವಿಳಾಸ. ಎಲ್ಲ ಕಾಗದಗಳ ಬುಡದಲ್ಲೂ ಒಂದೇ ಸಾಲು: ‘ಫೋಟೋ ತೆಗೆದವಳು ಫಾತ್‌ಬಾರ್ಧಾ ಕೊದ್ರಾ.’ ಪೂರ್ತಿ ಹೆಸರು, ಒಂದಕ್ಷರ ಬಿಡದೆ.

ಶನಿವಾರ ಹಾಡಹಗಲೇ ಅಂಟಿಸಿದಳು. ಮೈದಾ ಅಂಟಿನ ಬಕೆಟ್ಟು, ಅಪ್ಪನ ಸುಣ್ಣದ ಬ್ರಷ್ಷು. ಸಂತೆ ಮುಗಿಸಿ ಬರುತ್ತಿದ್ದ ಗ್ರೀಕ್ ಅಜ್ಜಿಯೊಬ್ಬಳು ಸೊಪ್ಪಿನ ಚೀಲ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

“ಅಯ್ಯೋ ದೇವರೇ, ಇಷ್ಟೊಂದು ಜನ ಒಟ್ಟಿಗೆ ಸತ್ರಾ? ಬಸ್ ಉರುಳ್ತಾ?”

“ಇಲ್ಲ ಅಜ್ಜಿ. ಇವರೆಲ್ಲ ಬದುಕಿದ್ದಾರೆ. ಅದನ್ನೇ ತಿಳಿಸ್ತಿದ್ದೀನಿ.”

ಅಜ್ಜಿ ಕತ್ತು ಮುಂದೆ ಚಾಚಿ ಓದಿದಳು. “ಇವನು ನಮ್ಮ ಯಾನಿಸ್ ಅಲ್ವಾ? ನಮ್ಮ ಬಾತ್‌ರೂಮ್ ಟೈಲ್ಸ್ ಹಾಕಿದೋನು?”

“ಜೆವಾತ್ ಅಂತ ಅಜ್ಜಿ.”

“ಜೆ... ಜೆವಾತ್. ಮುಂಡೇಗಂಡ, ಹತ್ತು ವರ್ಷದಿಂದ ನನ್ನ ಅಡುಗೆ ತಿಂದಿದ್ದಾನೆ, ಒಂದು ಸಲ ಹೇಳ್ಬಾರದಿತ್ತಾ? ಬರ್ಲಿ, ಮಾಡ್ತೀನಿ,” ಎಂದು ಗೊಣಗುತ್ತಾ ಚೀಲ ಎತ್ತಿಕೊಂಡಳು. ನಾಲಿಗೆಗೆ ಹೊರಳುವುದಿಲ್ಲ ಎಂದಿದ್ದ ಹೆಸರು ಎಂಬತ್ತರ ಅಜ್ಜಿಯ ನಾಲಿಗೆಯಲ್ಲಿ ಎರಡನೆಯ ಸಲಕ್ಕೇ ಹೊರಳಿತ್ತು.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಕೆಲವು ಕಾಗದಗಳನ್ನು ಅದೇ ಸಂಜೆ ಯಾರೋ ಹರಿದರು. ಹರಿದ ಜಾಗಕ್ಕೆ ಅವಳು ಮತ್ತೆ ಅಂಟಿಸಿದಳು. ಪತ್ರಿಕೆಯವನೊಬ್ಬ ಕಂಬಗಳ ಫೋಟೋ ತೆಗೆದು ಹಾಕಿದ, ಅಥೆನ್ಸಿನ ಗ್ಯಾಲರಿಯೊಂದರಿಂದ ಕರೆ ಬಂತು. ಅಷ್ಟರೊಳಗೆ ಪರ್ಮಿಟ್ ಉಳಿಸಿಕೊಳ್ಳಲು ಅವಳು ಅಮ್ಮನ ಜೊತೆ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಒರೆಸಿ ಸ್ಟ್ಯಾಂಪ್ ಕೂಡಿಸಿದಳು. ಬಿಡುವಿನಲ್ಲಿ ಪರ್ಮಿಟ್ ಕಚೇರಿಯ ಎದುರು ಬಿಳಿ ಬಟ್ಟೆ ಕಟ್ಟಿ ಫೋಟೋ ತೆಗೆದಳು. ಆ ಬಿಳಿ ಬಟ್ಟೆಯ ಎದುರೇ ಅವಳ ಎರಡನೆಯ ಸರಣಿ ಹುಟ್ಟಿದ್ದು. ಇವತ್ತು ಅದೇ ಬೀದಿಯಲ್ಲಿ ಅವಳ ಸ್ವಂತ ಸ್ಟುಡಿಯೋ ಇದೆ. ಬೋರ್ಡು ಅಂಗಡಿಗಿಂತ ಉದ್ದ, ಏಕೆಂದರೆ ಅವಳ ಹೆಸರು ಉದ್ದ. ದನಾಯಿ ಮೇಡಂ ಮತ್ತೆ ಕೇಳಿಕೊಂಡು ಬಂದಾಗ ಬಾರ್ಧಾ ಇಟ್ಟ ಷರತ್ತು ಒಂದೇ: ನನ್ನ ಪೂರ್ತಿ ಹೆಸರನ್ನು ತಡವರಿಸದೆ ಹೇಳಿ, ಆಮೇಲೆ ಮಾತಾಡೋಣ. ಮೇಡಂ ಮನೆಯಲ್ಲಿ ಅಭ್ಯಾಸ ಮಾಡಿ ಬಂದಿದ್ದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಇನ್ನೂ ಏನೂ ಆಗಿರಲಿಲ್ಲ.

ಅಮ್ಮ ಬೆಳಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದಳು. “ಯಾರನ್ನ ಕೇಳಿ ಹಾಕ್ದೆ? ಆ ಮೂರು ದಿನ ಸಾಲದಾಗಿತ್ತಾ? ಇನ್ನೊಂದ್ಸಲ ಖಾಲಿ ಕುರ್ಚಿ ನೋಡ್ಕೊಂಡು ಕೂರ್ಬೇಕಾ ನಾನು?” ಕಪ್ ಕಡ ತರಲು ಅವಳು ಒಪ್ಪಲೇ ಇಲ್ಲ. ಮನೆಯಲ್ಲಿದ್ದ ಎಂಟು ಕಪ್‌ಗಳನ್ನು ಮೇಜಿನ ಮೇಲೆ ದಡ್ಡನೆ ಇಟ್ಟಳು. ಅಷ್ಟು ಇಟ್ಟ ಮೇಲೂ ಕಪ್ಪು ಸ್ಕಾರ್ಫು ಕಟ್ಟಿಕೊಂಡು ಒಲೆಯ ಪಕ್ಕದಲ್ಲೇ ನಿಂತಳು.

ಹತ್ತು ಗಂಟೆಗೆ ಜೆವಾತ್ ಬಂದ. ಇಸ್ತ್ರಿ ಮಾಡಿದ ಕೋಟು. ಬಾಗಿಲಲ್ಲಿ ನಿಂತು ಬಲಗೈಯನ್ನು ಎದೆಗಿಟ್ಟುಕೊಂಡು, “ರುಸ್ತೆಮ್ ಹೋದ, ನೀವು ಬಾಳಿ,” ಎಂದ. ಅವನ ಹಿಂದೆ ಇಬ್ಬರು. ಅವರ ಹಿಂದೆ ಮೆಟ್ಟಿಲ ತುಂಬ ಜನ. ಬೀದಿ ತಪ್ಪಿಸಿ ಹೋಗುತ್ತಿದ್ದವರೆಲ್ಲ ಬಂದಿದ್ದರು. ತಡವಾಯಿತಲ್ಲ ಎಂದು ನಾಚಿದವರಿಗೆ ಆ ಕಾಗದ ಹೊಸ ದಿನ ಕೊಟ್ಟಿತ್ತು. ಒಬ್ಬೊಬ್ಬರೂ ಬಾಗಿಲಲ್ಲಿ ತಮ್ಮ ಹೆಸರು, ಊರು ಹೇಳಿ ಒಳಗೆ ಬಂದರು. ಒಪ್ಪಿಗೆ ಕೊಡದ ಕ್ರಿಸ್ತೋಸ್ ಕೂಡ ಬಂದು, “ನಾನು ಅಗ್ರೋನ್, ಚೊರೊವೋದದವನು,” ಎಂದು ಪಿಸುಗುಟ್ಟಿದ. ಲಿರಿಯೆ ಬರುವಾಗ ಒಂದು ಡಜನ್ ಕಪ್ ತಂದಿದ್ದಳು, ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುರ್ಚಿಗಳು ಸಾಲದೆ ಗಂಡಸರು ಬೀದಿಯಲ್ಲೇ ನಿಂತು ಕುಡಿದರು. ಅಮ್ಮ ಒಲೆ ಬಿಟ್ಟು ಅಲುಗಲಿಲ್ಲ. ಸಕ್ಕರೆಯಿಲ್ಲದ ಕಾಫಿ ಉಕ್ಕಿ, ಆರಿ, ಮತ್ತೆ ಉಕ್ಕಿತು.

ಮೂರು ಗಂಟೆಗೆ ಕೀರ್ ಅರ್ಗಿರಿಸ್ ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಬಾರ್ಧಾಳನ್ನು ನೋಡಲಿಲ್ಲ.

“ನಾನು ಆಗ್ಲೂ ಬಂದಿದ್ದೆ, ಮರಿಯಾ,” ಎಂದ.

“ನೆನಪಿದೆ,” ಎಂದಳು ಅಮ್ಮ. “ಆಗ ನೀವು ಬಂದಿದ್ದು ಕೋಸ್ತಾಸ್‌ಗೆ. ಇವತ್ತು ರುಸ್ತೆಮ್‌ಗೆ ಕುಡೀರಿ. ನನ್ನ ಹೆಸರು ಹಾಯ್ರಿಯೆ.”

ಅವನು ಕೂತು ಆ ಕಹಿಯನ್ನು ಗಸಿ ಬರುವವರೆಗೂ ಕುಡಿದ. ಏಳುವಾಗ, “ರುಸ್ತೆಮ್‌ಗೆ ಶಾಂತಿ ಸಿಗ್ಲಿ,” ಎಂದ. ಕೆಲಸಕ್ಕೆ ಬಾ ಎಂದು ಬಾರ್ಧಾಳನ್ನು ಕರೆಯಲಿಲ್ಲ. ಅವಳೂ ಕೇಳಲಿಲ್ಲ.

ಸಂಜೆ ಕೊನೆಯವರು ಹೋದ ಮೇಲೆ ಮೇಜು, ಕಿಟಕಿ, ನೆಲ, ಎಲ್ಲೆಲ್ಲೂ ಎಂಜಲು ಕಪ್‌ಗಳು. ಬಾರ್ಧಾ ತೊಳೆಯಲು ತೋಳು ಮಡಚಿದಳು.

“ಬಿಡು,” ಎಂದಳು ಅಮ್ಮ. “ಹಂಗೇ ಇರ್ಲಿ. ಒಂದು ಗಳಿಗೆ ನೋಡ್ತೀನಿ.”

ಕಪ್‌ಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಳು. ಸ್ಕಾರ್ಫು ಬಿಚ್ಚಿದಳು, ಮತ್ತೆ ಕಟ್ಟಿದಳು. ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಮಡಿಲಲ್ಲಿಟ್ಟಳು.

“ಏನು ಬಾಯಿ ಬಿಟ್ಕೊಂಡು ನಿಂತಿದೀಯ? ನಿನ್ನ ಡಬ್ಬಿ ತಗೊಂಡ್ ಬಾ.”

ಬಾರ್ಧಾ ಕ್ಯಾಮೆರಾ ತಂದು ಮೇಜಿನ ಅಂಚಿಗೆ ಒರಗಿಸಿ ಹಿಡಿದಳು.

“ಹೆಸರು ಹೇಳಮ್ಮ. ಪೂರ್ತಿ.”

ಅಮ್ಮ ಉಸಿರೆಳೆದುಕೊಂಡು, ಬೀದಿಗೆ ಕೇಳುವ ಹಾಗೆ ಹೇಳಿದಳು.